ಕೆಂಪು ಸಾಲು ಮತ್ತು ಗಂಗವ್ವನ ತೋಳು

2006ರ ಆಯುಧ ಪೂಜೆ ಕಳೆದು ಲ್ಯಾಬ್ ತೆರೆದ ಮೊದಲ ಬೆಳಿಗ್ಗೆ. ಬಿ.ಎಸ್ಸಿ. ಮುಗಿಸಿದ್ದ ನಾನು ಬಸವೇಶ್ವರನಗರದ ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಸರೋಜಾ ಮೇಡಂ ರಕ್ತ ತೆಗೆದು ರೋಗಿಗಳ ಹೆಸರು ಟೈಪ್ ಮಾಡುತ್ತಿದ್ದರು. ಮೆಷಿನ್ ಕೊಟ್ಟ ಫಲಿತಾಂಶಗಳನ್ನು ಆ ಹೆಸರುಗಳಿಗೆ ಸಾಲಾಗಿ ಜೋಡಿಸಿ ರಿಪೋರ್ಟ್ ಪ್ರಿಂಟ್ ಮಾಡುವ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ನಾನೇ ಬರೆದದ್ದು.

ಅಂದು ಅದು ಓಡಲಿಲ್ಲ. ಸ್ಕ್ರಿಪ್ಟ್ ಬರೆಯುವ ಎಡಿಟರ್‌ನಲ್ಲಿ ಒಂದು ಸಾಲು ಕೆಂಪಾಗಿ ನಿಂತಿತ್ತು. ಹೆಸರಿನ ಎದುರಿನ ನಂಬರೂ ಸ್ಯಾಂಪಲ್ ನಂಬರೂ ಒಂದೇ ಹೌದೋ ಅಲ್ಲವೋ ಎಂದು ನೋಡುವ ಸಾಲು ಅದು. ಎಡಿಟರ್ ಮುಚ್ಚಿ ತೆರೆದೆ, ಹಳೆಯ ಕಾಪಿ ತಂದು ಹಾಕಿದೆ. ಅದೇ ಎರರ್. ಹೊರಗೆ ಕಾದವರು ಗೊಣಗುತ್ತಿದ್ದರು. ಸಾಲಿನ ಮುಂದೆ ಒಂದು ಚಿಹ್ನೆ ಹಾಕಿದರೆ ಕಂಪ್ಯೂಟರ್ ಅದನ್ನು ಓದದೆ ಮುಂದೆ ಹೋಗುತ್ತದೆ. ಹಾಕಿಬಿಟ್ಟೆ. ರಿಪೋರ್ಟುಗಳು ಸರಸರನೆ ಹೊರಬಂದವು.

ಅರ್ಧ ಗಂಟೆಯಲ್ಲಿ ಮೂಡಲಪಾಳ್ಯದ ರಾಮಣ್ಣನವರು ಸ್ವೀಟ್ ಬಾಕ್ಸ್ ಹಿಡಿದು ವಾಪಸ್ ಬಂದರು. ವರ್ಷಗಳಿಂದ ಶುಗರ್ ಇರುವವರು.

"ತೊಂಬತ್ನಾಲ್ಕು ಬಂದೈತೆ ಸಾರ್. ಮೂರು ದಿನ ಹೋಳಿಗೆ ಹೊಡ್ದಿದೀನಿ, ಆದ್ರೂ ತೊಂಬತ್ನಾಲ್ಕು. ತಗೊಳ್ಳಿ, ಮೈಸೂರ್ ಪಾಕ್."

ನನಗೆ ನಗು ಬರಲಿಲ್ಲ. ಪ್ರಿಂಟರ್ ಟ್ರೇಯಲ್ಲಿ ಯಾರೂ ಒಯ್ಯದ ಒಂದು ರಿಪೋರ್ಟ್ ಉಳಿದಿತ್ತು. ಹೆಸರು: ಶ್ರೀ. ಶುಗರ್: ಐವತ್ತೆಂಟು.

ಹೊಸ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಶ್ರೀ ಬರೆಯುವ ಹಾಗೆ, ಮೇಡಂ ಪೂಜೆಯಾದ ಕಂಪ್ಯೂಟರಿನ ಹೊಸ ಪಟ್ಟಿಯಲ್ಲೂ ಬರೆದಿದ್ದರು. ಹೆಸರುಗಳೆಲ್ಲ ಒಂದು ಸಾಲು ಕೆಳಗೆ ಸರಿದು, ಪ್ರತಿಯೊಬ್ಬರಿಗೂ ಅವರ ನಂತರ ರಕ್ತ ಕೊಟ್ಟವರ ಫಲಿತಾಂಶ ಹೋಗಿತ್ತು. ಆ ದಿನ ಮೊದಲು ರಕ್ತ ಕೊಟ್ಟವರು ಬಾಗಲಕೋಟೆಯಿಂದ ಮಗಳ ಮನೆಗೆ ಬಂದಿದ್ದ ಗಂಗವ್ವ, ಇನ್ಸುಲಿನ್ ತಗೊಳ್ಳುವವರು. ಅವರ ಹಿಂದೆಯೇ ರಾಮಣ್ಣ. ಶುಗರ್ ಐವತ್ತೆಂಟಕ್ಕೆ ಇಳಿದಿದ್ದ ಮುದುಕಿಯ ಕೈಯಲ್ಲಿ ರಾಮಣ್ಣನವರ ಮುನ್ನೂರ ಎಂಬತ್ತು ಇತ್ತು. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ.

ಕೈಯಲ್ಲಿ ಬಾಕ್ಸ್ ಇದ್ದದ್ದೂ ಗೊತ್ತಾಗದೆ ಅವರು ರಿಪೋರ್ಟ್ ತೋರಿಸಲು ಹೋಗಿದ್ದ ಎರಡು ಮನೆ ಆಚೆಯ ಕ್ಲಿನಿಕ್ಕಿಗೆ ಓಡಿದೆ. ನರ್ಸ್ ಗಂಗವ್ವನ ರವಿಕೆಯ ತೋಳು ಮೇಲಕ್ಕೆ ಸರಿಸಿ, ಇನ್ಸುಲಿನ್ ಸೂಜಿಯನ್ನು ಚರ್ಮದ ಹತ್ತಿರ ತಂದಿದ್ದರು.

"ಬೇಡ, ಹಾಕ್ಬೇಡಿ ಸಿಸ್ಟರ್," ಎಂದೆ. ಉಳಿದದ್ದನ್ನು ತಡವರಿಸುತ್ತಾ ಡಾಕ್ಟರಿಗೆ ಹೇಳಿದೆ. ಅವರು ಮುದುಕಿಯ ಬೆರಳು ಚುಚ್ಚಿ ಸಣ್ಣ ಮೀಟರಿನಲ್ಲಿ ನೋಡಿದರು. ಶುಗರ್ ಇನ್ನೂ ಕೆಳಗಿಳಿದಿತ್ತು. ನನ್ನ ಬಾಕ್ಸಿನಿಂದ ಒಂದು ಮೈಸೂರ್ ಪಾಕ್ ತೆಗೆದು ಅವರ ಕೈಗಿಟ್ಟರು.

ಗಂಗವ್ವ ತಿಂದು, ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗಿದರು. ನಾನು ತಪ್ಪೊಪ್ಪಿಕೊಂಡದ್ದನ್ನು ಅವರೂ ಕೇಳಿದ್ದರು.

"ಯಾಕ ತಮ್ಮಾ, ನನಗಿಂತ ನೀನ ಹೆಚ್ಚ ನಡಗಾಕತ್ತೀಯಲ್ಲ. ಕೂಡು. ನೀನೂ ಒಂದ್ ತಿನ್ನು."

ಉಳಿದ ರಿಪೋರ್ಟುಗಳನ್ನೆಲ್ಲ ಫೋನ್ ಮಾಡಿ ವಾಪಸ್ ತರಿಸಿದೆವು. ಸರೋಜಾ ಮೇಡಂ ಅತ್ತು, ಇನ್ನು ಶ್ರೀ ಬರೆಯುವುದಿಲ್ಲ ಎಂದರು. ಬರೀರಿ ಮೇಡಂ, ಹೆಸರು ತಪ್ಪಿದೆ ಅಂತ ಆ ಕೆಂಪು ಸಾಲು ಹೇಳ್ತಾನೇ ಇತ್ತು, ಬಾಯಿ ಮುಚ್ಚಿಸಿದ್ದು ನಾನು ಎಂದೆ.

ಇವತ್ತಿಗೂ ಎಡಿಟರಿನಲ್ಲಿ ಒಂದು ಸಾಲು ಕೆಂಪಾದರೆ ಕೀಬೋರ್ಡ್ ಮೇಲಿನ ಕೈ ನಿಲ್ಲುತ್ತದೆ. ಹಸಿರು ಬಳೆ ತೊಟ್ಟ ಗಂಗವ್ವನ ಆ ತೆಳ್ಳನೆಯ ತೋಳು ಕಣ್ಣ ಮುಂದೆ ಬರುತ್ತದೆ.