ರಾಜಿ ಪತ್ರಕ್ಕೆ ಲ್ಯಾಮಿನೇಷನ್

ಅಣ್ಣ ಆ ದಿನ ಪೇಢೆ ತಂದಿದ್ದ. ಬಾಳೆಹಣ್ಣು ಎನ್ನುತ್ತಾರೆ ನನ್ನ ಗಂಡ. ಪೇಢೆಯೆಂದೇ ಬರೆಯುತ್ತೇನೆ, ಸಿಟ್ಟಿಗೆ ಪೇಢೆ ಹೆಚ್ಚು ಹೊಂದುತ್ತದೆ. ಇಬ್ಬರಿಗೂ ತಕರಾರಿಲ್ಲದ ಸಂಗತಿ ಒಂದೇ: ಅವನ ಕೈಯಲ್ಲೊಂದು ಕಾಗದವಿತ್ತು, ಅದನ್ನು ನನಗೆ ಕೊಟ್ಟು, "ರಾಜಿ ಆತು ಕಣೆ, ಇನ್ನು ನಿಶ್ಚಿಂತೆ" ಎಂದ.

ಕಾಗದ ಒಂದು ಫೈನಾನ್ಸ್ ಕಂಪನಿಯದು. ನಮ್ಮೂರು ಹೊಸಬಾಳೆಯಿಂದ ಅನಾನಸ್ ಸಾಗಿಸಲು ಅಣ್ಣ ಗೂಡ್ಸ್ ಗಾಡಿ ಕೊಂಡಿದ್ದ, ನನ್ನ ಹೆಸರಿನಲ್ಲಿ. ಅವನ ಹೆಸರಿಗೆ ಸಾಲ ಹುಟ್ಟುತ್ತಿರಲಿಲ್ಲ. ನಾನು ಶಿಕಾರಿಪುರದಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ; ಸಂಬಳ ಯಾವಾಗ ಬರುತ್ತದೋ ಗೊತ್ತಿಲ್ಲ, ಸಂಬಳದ ಚೀಟಿಯಂತೂ ಇತ್ತು. ಕೆಲವು ಕಂತು ಕಟ್ಟಿ ನಿಲ್ಲಿಸಿದ. ಕಂಪನಿಯವರು ಗಾಡಿ ಒಯ್ದು ಮಾರಿದರು. ಆಮೇಲೂ ಉಳಿದ ಬಾಕಿಯಲ್ಲಿ ಅರ್ಧ ಕಟ್ಟಿಸಿಕೊಂಡು ಅರ್ಧ ಬಿಟ್ಟರು. ಕಾಗದದಲ್ಲಿ 'ಸೆಟ್ಲ್ಡ್' ಎಂದಿತ್ತು.

ನಮ್ಮ ಕಡೆ ರಾಜಿ ಎಂಬುದಕ್ಕಿಂತ ಮೇಲಿನ ಮಾತಿಲ್ಲ. ಅಪ್ಪನಿಗೂ ಪಕ್ಕದ ಗದ್ದೆಯವರಿಗೂ ಬದುವಿನ ಜಗಳ ಬಹಳ ವರ್ಷ ನಡೆದು, ಕಡೆಗೆ ಐದು ಜನ ಕೂತು ರಾಜಿ ಮಾಡಿಸಿದರು. ಎರಡೂ ಮನೆಯವರು ಒಂದೇ ಪಾತ್ರೆಯ ಅನ್ನ ಉಂಡರು. ಅಂಥ ಊಟವಾದ ಮೇಲೆ ಹಳೆಯ ಜಗಳದ ಮಾತೆತ್ತಿದವನೇ ತಪ್ಪಿತಸ್ಥ, ಮೊದಲು ತಪ್ಪು ಮಾಡಿದವನಲ್ಲ. ನಾನು ಆ ಊಟ ಕಂಡವಳೋ, ಕೇಳಿದವಳೋ, ಈಗ ಹೇಳಲಾರೆ. ಕಾಗದವನ್ನು ಮಾತ್ರ ಮಾರನೆಯ ದಿನವೇ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಇದರಲ್ಲಿ ಅನುಮಾನವಿಲ್ಲ. ಅದು ಇನ್ನೂ ಇದೆ, ಹೊಳೆಯುತ್ತಿದೆ.

ಹೋದ ವರ್ಷದ ಯುಗಾದಿ ಮುಗಿದ ಮರುವಾರ, ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆಗೆ ಐವತ್ತು ಸಾವಿರ ಮುಂಗಡ ಕೊಟ್ಟೆವು. ಮಾರುವವರು ನಿವೃತ್ತ ಕಂಡಕ್ಟರ್. "ಬರೋ ಯುಗಾದಿ ತನಕ ಕಾಯ್ತೀನ್ರಿ. ಅಷ್ಟರೊಳಗ ಆಗ್ಲಿಲ್ಲಂದ್ರ ಮುಂಗಡ ಕೇಳಂಗಿಲ್ಲ" ಎಂದರು. ಒಪ್ಪಿದೆವು. ಹದಿನಾಲ್ಕು ವರ್ಷ ಬಾಡಿಗೆ ಮನೆಯ ಮೊಳೆಗಳಿಗೆ ಅನುಮತಿ ಕೇಳಿ ಸಾಕಾಗಿತ್ತು.

ಬ್ಯಾಂಕಿನ ಸಾಲದ ಅಧಿಕಾರಿ ಕಂಪ್ಯೂಟರಿನತ್ತ ನೋಡುತ್ತಲೇ ಕೇಳಿದರು, "ಮೇಡಂ, ಇದೊಂದು ಗಾಡಿ ಸಾಲ ಕಾಣ್ತದಲ್ಲ?"

"ಅದು ರಾಜಿ ಆಗಿದೆ" ಎಂದು ಲ್ಯಾಮಿನೇಟ್ ಮಾಡಿದ ಪತ್ರವನ್ನು ಮೇಜಿನ ಮೇಲಿಟ್ಟೆ.

"ಅದೇ ತೊಂದ್ರೆ. ಸೆಟ್ಲ್ಡ್ ಅಂದ್ರೆ ಪೂರಾ ಕಟ್ಟಿಲ್ಲ ಅಂತ. ಕ್ಲೋಸ್ಡ್ ಅಂತ ಇರ್ಬೇಕಿತ್ತು. ನೀವು ಏನು ಪಾಠ ಮಾಡದು?"

"ಕನ್ನಡ."

"ಹಂಗಾದ್ರೆ ಸರಿ" ಎಂದರು. ಆ 'ಸರಿ'ಯನ್ನು ಇವತ್ತಿಗೂ ಕ್ಷಮಿಸಿಲ್ಲ.

ಸಾಲ ತೀರಿಸಿದ ಬಗೆಗೆ ಸಿಗುವ ಅಂಕ ನನಗೆ ಐನೂರ ಎಂಬತ್ತೆರಡು; ಏಳುನೂರು ದಾಟದೆ ಮನೆಸಾಲವಿಲ್ಲ. "ಎಸ್ಸೆಸ್ಸೆಲ್ಸಿಲಿ ಇಷ್ಟು ಬಂದಿದ್ರೆ ಬೀದಿಗೆಲ್ಲ ಸಿಹಿ ಹಂಚಬಹುದಿತ್ತು" ಎಂದರು ನನ್ನ ಗಂಡ. ಯಾರ್ಡಿನಲ್ಲಿ ತೂಕ ಬರೆಯುವವರು. ಯಾವುದನ್ನಾದರೂ ಯಾವುದರ ಎದುರಾದರೂ ತೂಗಿಬಿಡುತ್ತಾರೆ. ಅಧಿಕಾರಿ ಕೊಟ್ಟ ವರದಿಯಲ್ಲಿ ಅಣ್ಣ ತಪ್ಪಿಸಿದ ಒಂದೊಂದು ತಿಂಗಳೂ ಒಂದೊಂದು ಚೌಕದಲ್ಲಿ ಕೂತಿತ್ತು. ನನ್ನ ಬದುಕಿನ ಯಾವ ವರ್ಷವೂ ನನಗೆ ಅಷ್ಟು ಒಪ್ಪವಾಗಿ ನೆನಪಿಲ್ಲ. ಆ ಚೌಕಗಳಲ್ಲಿ ಅಣ್ಣ ಎಲ್ಲೂ ಇರಲಿಲ್ಲ. ಇದ್ದವಳು ನಾನೊಬ್ಬಳೇ.

ಉಪಾಯ ಒಂದೇ ಇತ್ತು: ಕಂಪನಿ ಬಿಟ್ಟುಕೊಟ್ಟಿದ್ದ ಮೂವತ್ತೆಂಟು ಸಾವಿರವನ್ನೂ ಕಟ್ಟಿ ಕ್ಲೋಸ್ಡ್ ಎಂದು ಬರೆಸಬೇಕು, ಆಮೇಲೆ ತಿಂಗಳುಗಟ್ಟಲೆ ಅಂಕ ಬೆಳೆಸಬೇಕು. ಹೊಸಬಾಳೆಗೆ ಹೋದೆ. ಅಣ್ಣ ಅಂಗಳದಲ್ಲಿ ಶುಂಠಿ ಬೀಜ ಆರಿಸುತ್ತಿದ್ದ.

"ಅವತ್ತು ರಾಜಿಲಿ ಬಿಟ್ಟ ದುಡ್ಡು ಕಟ್ಬೇಕಂತೆ."

"ಯಾರು?"

"ನೀನು."

ಒಂದು ಕೊಳೆತ ತುಂಡು ಮುರಿದು ಎಸೆದ. "ರಾಜಿ ಆದ್ಮೇಲೆ ಕೆದಕ ಜಾತಿ ಯಾವ್ದು ಗೊತ್ತನೆ? ಹಂದಿ."

"ಕೆದಕ್ತಾ ಇರದು ಬ್ಯಾಂಕಿನೋರು."

"ಬ್ಯಾಂಕಿನೋರು ನನ್ನ ಅಂಗಳಕ್ಕೆ ಬರ್ಲಿಲ್ಲ. ನೀನು ಬಂದೀಯ."

ಅತ್ತಿಗೆ ನೀರು ತಂದುಕೊಟ್ಟಳು. "ಕಾಲೇಜಲ್ಲಿ ಶಬ್ದಕ್ಕೆಲ್ಲ ಅರ್ಥ ಹೇಳಾಳು, ಕಾಗ್ದದಾಗಿಂದು ಒಂದು ಶಬ್ದ ಗೊತ್ತಾಗ್ಲಿಲ್ಲನೆ?"

ಚೊಂಬನ್ನು ಕೆಳಗಿಟ್ಟು ಎದ್ದೆ. ನೀರು ಕುಡಿದೆನೋ ಇಲ್ಲವೋ. ಕುಡಿಯಲಿಲ್ಲ ಎಂದು ಬರೆಯಲು ಇಷ್ಟ, ಆದರೆ ಸೊರಬಕ್ಕೆ ಹೋಗುವ ಬಸ್ಸಿಗೆ ಬಿಸಿಲಿನಲ್ಲಿ ಬಹಳ ಹೊತ್ತು ಕಾದಿದ್ದು ನೆನಪಿದೆ, ಬಾಯಾರಿದ್ದು ನೆನಪಿಲ್ಲ.

ಮದುವೆಯಲ್ಲಿ ಅಣ್ಣ ಹಾಕಿದ್ದ ಬಳೆಗಳಲ್ಲಿ ಒಂದನ್ನು ಮಾರಿದೆ. "ಹಂಗಾರೆ ನಿಮ್ಮಣ್ಣನೇ ಕಟ್ಟಿದಂಗಾತು ಬಿಡು" ಎಂದರು ಗಂಡ. ಹೀಗೆ ತಾನಾಗಿ ಹೊಂದಿಕೊಂಡು ಬರುವ ನೆನಪನ್ನು ನಾನು ನಂಬುವುದಿಲ್ಲ. ಇದಕ್ಕೆ ಮಾತ್ರ ಚಿನ್ನದಂಗಡಿಯ ರಸೀದಿಯಿದೆ.

ಶಿವಮೊಗ್ಗದ ಕಂಪನಿ ಕಚೇರಿಯಲ್ಲಿ ಹಣ ಕಟ್ಟಿಸಿಕೊಂಡ ಹುಡುಗಿ ಹಳೆಯ ಪತ್ರದ ಮೇಲೆ 'ರದ್ದು' ಮುದ್ರೆ ಒತ್ತಿದಳು. ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮಸಿಯೆಲ್ಲ ನನ್ನ ಹೆಬ್ಬೆರಳಿಗೆ ಬಂತು. "ಪ್ಲಾಸ್ಟಿಕ್ ಮೇಲೆ ಸೀಲ್ ಕೂರಲ್ಲ ಮೇಡಂ. ಇದನ್ನ ಯಾರು ಲ್ಯಾಮಿನೇಷನ್ ಮಾಡಿಸ್ತಾರೆ?" ಎಂದಳು. ಹೊಸ ಪತ್ರವನ್ನು ಬರಿಯ ಕಾಗದವಾಗಿಯೇ ತಂದೆ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದಿಲ್ಲ, ಅದೇ ಅವುಗಳ ಹಿಂಸೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಮೇಲೊಂದು ಕ್ರೆಡಿಟ್ ಕಾರ್ಡು ಪಡೆದು, ನನ್ನ ದುಡ್ಡನ್ನೇ ಸಾಲವೆಂದು ತಂದು ಸ್ಕೂಟಿಗೆ ಪೆಟ್ರೋಲ್ ಹಾಕಿಸಿದೆ. ಗಡುವಿಗೆ ಐದು ದಿನ ಮುಂಚೆ ಕಟ್ಟಿದೆ. ಮತ್ತೆ ಪೆಟ್ರೋಲ್, ಮತ್ತೆ ಕಟ್ಟಿದೆ. ನನ್ನ ಸಂಬಳ ಮೂರು ತಿಂಗಳು ತಡವಾಯಿತು. ಅದರಿಂದ ಸರ್ಕಾರದ ಅಂಕವೇನೂ ಇಳಿಯಲಿಲ್ಲ. ಎರಡನೆಯ ಬಳೆಯೂ ಹೋಯಿತು. ಕಂಡಕ್ಟರು ಪೇಟೆಯಲ್ಲಿ ಸಿಕ್ಕಾಗಲೆಲ್ಲ, "ಎಲ್ಲಿಗೆ ಬಂತ್ರಿ?" ಎನ್ನುತ್ತಿದ್ದರು, ಬಸ್ಸಿನ ಬಗ್ಗೆ ಕೇಳುವ ಹಾಗೆ.

ಮಾಘ ಕಳೆಯುವಾಗ ಅಂಕ ಏಳುನೂರ ಮೂವತ್ತೊಂದಾಯಿತು. ಅದೇ ಅಧಿಕಾರಿ ಅದೇ ಕಂಪ್ಯೂಟರ್ ನೋಡುತ್ತಾ, "ಈಗ ಸರಿ" ಎಂದರು.

ಯುಗಾದಿಗೆ ಒಂಬತ್ತು ದಿನವಿರುವಾಗ ನೋಂದಣಿ. ಕಚೇರಿಯ ಜಗಲಿಯಲ್ಲಿ ಅಣ್ಣ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಯಾರು ಹೇಳಿದರೋ.

"ಸಾಕ್ಷಿಗೆ ಇಬ್ರು ಬೇಕಲ. ಒಂದು ನಾ ಹಾಕ್ತೀನಿ."

"ಬೇಡ."

"ಒಡಹುಟ್ಟಿದೋನು ನಿಂತಿರ್ತ ಬೇರೆಯೋರು ಹಾಕಿದ್ರೆ ಜನ ಎಂತ ಅಂತಾರೆ?"

"ಏನಾದ್ರೂ ಅನ್ಲಿ."

ದನಿ ತಗ್ಗಿಸಿದ. "ಹೋಗ್ಲಿ ಬಾರೆ, ರಾಜಿ ಮಾಡ್ಕಂಬನ."

ನನಗೆ ರಾಜಿ ಬೇಡ, ಪೂರ್ತಿ ಕಟ್ಟು ಎಂದೆ ಅಂತ ಬರೆದರೆ ಓದಲು ಚೆನ್ನ. ಎಷ್ಟೋ ಸಲ ಮನಸ್ಸಿನಲ್ಲಿ ಹಾಗೆ ಅಂದಿದ್ದೇನೆ. ಅವತ್ತು ನಡೆದದ್ದು ಇಷ್ಟೇ. ಒಳಗೆ ನಮ್ಮ ಕ್ರಮಸಂಖ್ಯೆ ಕೂಗಿದರು, ಹೋದೆ.

ಅವನು ಜೇಬಿನ ಪೆನ್ನು ಕೈಗೆ ತೆಗೆದುಕೊಂಡಿದ್ದ ಎಂಬುದು ನನ್ನ ನೆನಪು. ಜೇಬಿನಲ್ಲಿ ಪೆನ್ನೇ ಇರಲಿಲ್ಲ, ನಿನ್ನ ಕಲ್ಪನೆ ಎನ್ನುತ್ತಾರೆ ಗಂಡ. ಇರಲಿ. ಕ್ರಯಪತ್ರ ಗೋದ್ರೇಜ್ ಬೀರುವಿನಲ್ಲಿದೆ. ಸಾಕ್ಷಿಗಳ ಜಾಗದಲ್ಲಿ ಯಾರ್ಡಿನ ಒಬ್ಬ ಹಮಾಲರ ಸಹಿ, ನಮ್ಮ ಕಾಲೇಜಿನ ಲೈಬ್ರರಿಯವರ ಸಹಿ. ಆ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಲ್ಲ.