ವೈದ್ಯರು ಹೇಳದ ಮಾತು

೧೯೮೪ರ ನವೆಂಬರ್ ತಿಂಗಳ ಒಂದು ಸೋಮವಾರ, ಸುಳ್ಯ ತಾಲೂಕಿನ ರಬ್ಬರ್ ತೋಟವೊಂದರಲ್ಲಿ ನಡೆದ ಆರೋಗ್ಯ ಶಿಬಿರದ ಸುದ್ದಿ ಪತ್ರಿಕೆಯ ಐದನೆಯ ಪುಟದಲ್ಲಿ ಅಚ್ಚಾಯಿತು. ಅದರ ಕೊನೆಯ ವಾಕ್ಯ ಹೀಗಿತ್ತು: ‘ಸಿಲೋನಿನಿಂದ ಬಂದ ಕಾರ್ಮಿಕರಲ್ಲಿ ರಕ್ತದೊತ್ತಡ ಹೆಚ್ಚಾಗಿ ಕಂಡುಬಂದಿದ್ದು, ಅದು ಆ ಜನಾಂಗದ ದೇಹಪ್ರಕೃತಿಯಾದ್ದರಿಂದ ಆತಂಕಪಡಬೇಕಾಗಿಲ್ಲ ಎಂದು ವೈದ್ಯರು ತಿಳಿಸಿದ್ದಾರೆ.’

ವೈದ್ಯರು ಹಾಗೆ ತಿಳಿಸಿರಲಿಲ್ಲ. ಆ ವಾಕ್ಯ ನನ್ನದು.

ನಾನಾಗ ಮಂಗಳೂರಿನ ಆ ಪತ್ರಿಕೆಗೆ ಸುಳ್ಯದ ಬಾತ್ಮೀದಾರ. ಸಿಲೋನಿನವರೆಂದರೆ ಶ್ರೀಲಂಕಾದ ಚಹಾ ತೋಟಗಳಿಂದ ವಾಪಸು ಕಳಿಸಲ್ಪಟ್ಟು ನಮ್ಮ ಕಡೆಯ ರಬ್ಬರ್ ತೋಟಗಳ ಲೈನ್ ಎನ್ನುವ ಸಾಲುಮನೆಗಳಿಗೆ ಬಂದಿಳಿದ ತಮಿಳರು. ಅವರ ಊಟ ಬೇರೆ, ಮಾತು ಬೇರೆ, ಸಿಟ್ಟು ಬೇರೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನೆತ್ತರೂ ಬೇರೆ ಎನ್ನುವುದಕ್ಕೆ ಹೆಚ್ಚು ದೂರ ಹೋಗಬೇಕಾಗಿರಲಿಲ್ಲ.

ಶಿಬಿರಕ್ಕೆ ಪುತ್ತೂರಿನ ಸರಕಾರಿ ಆಸ್ಪತ್ರೆಯಿಂದ ಜೀಪಿನಲ್ಲಿ ಬಂದ ಡಾಕ್ಟ್ರಮ್ಮ ಒಬ್ಬರೇ. ಬರೆದುಕೊಳ್ಳಲು ಜನ ಇಲ್ಲದ್ದರಿಂದ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಬರೆದವನು ನಾನೇ. ಒತ್ತಡ ಹೆಚ್ಚಿದ್ದವರ ಹೆಸರಿನಡಿ ಅವರು ಕೆಂಪು ಗೆರೆ ಎಳೆಯುತ್ತಿದ್ದರು. ಊರಿನವರಲ್ಲಿ ಅಲ್ಲೊಂದು ಇಲ್ಲೊಂದು, ಸಿಲೋನಿನವರಲ್ಲಿ ಪುಟ ತುಂಬ.

ಸಿಲೋನಿನ ಮುತ್ತಮ್ಮ, ರಬ್ಬರ್ ಮರದ ತೊಗಟೆ ಕೆತ್ತಿ ಹಾಲು ಇಳಿಸುವವರಲ್ಲಿ, ತೋಟದಲ್ಲೇ ಕೈ ಚುರುಕಿನ ಟ್ಯಾಪರ್. ತೋಳಿಗೆ ಪಟ್ಟಿ ಕಟ್ಟುವಾಗ ಆಕೆ, “ಅಷ್ಟು ಗಟ್ಟಿ ಕಟ್ಟಬೇಡಿ ಡಾಕ್ಟ್ರಮ್ಮಾ, ಹಾಲು ಬರ್ತದೆ!” ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಾದರಸ ಇನ್ನೂರು ದಾಟಿತ್ತು. ಡಾಕ್ಟ್ರಮ್ಮ ನಗಲಿಲ್ಲ.

“ಕೆಂಪು ಗೆರೆಯವರೆಲ್ಲ ಬರುವ ವಾರ ಪುತ್ತೂರಿಗೆ ಬರ್ಲೇಬೇಕು,” ಎಂದು ಹೇಳಿ ಅವರು ಕಡಬದ ಇನ್ನೊಂದು ಶಿಬಿರಕ್ಕೆ ಹೊರಟುಹೋದರು.

ಸುದ್ದಿಯ ಲಕೋಟೆಯನ್ನು ಒಂದು ಗಂಟೆಯ ಮಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕಿತ್ತು. ಸೂಪರ್‌ವೈಸರ್ ಬಾಲಣ್ಣನ ಆಫೀಸಿನಲ್ಲಿ ಚಹಾ ಕುಡಿಯುತ್ತ ಬರೆಯತೊಡಗಿದೆ.

“ಎಂತ ಮಾರಾಯ್ರೆ, ಜಾಸ್ತಿ ಇದ್ದದ್ದೆಲ್ಲ ಅವರಿಗೇಯಾ?” ಎಂದ ಬಾಲಣ್ಣ. “ಅವರ ನೆತ್ತರೇ ಹಾಗೆ. ಗುಡ್ಡೆ ಹತ್ತಿ ಇಳಿಯುವವರಿಗೆ ಎಂತ ಬಿ.ಪಿ.? ಅದು ನಿಮ್ಮ ಹಾಗೆ ಕುರ್ಚಿಯಲ್ಲಿ ಕೂತವರ ಕಾಯಿಲೆ. ಎಲ್ಲರನ್ನೂ ಪುತ್ತೂರಿಗೆ ಕಳಿಸಿದ್ರೆ ಇಲ್ಲಿ ಹಾಲು ತೆಗೆಯುದು ಯಾರು, ನೀವಾ?”

ಇಬ್ಬರೂ ನಕ್ಕೆವು. ವರದಿಯಲ್ಲಿ ಅಂಕಿ ಇತ್ತು, ಕಾರಣ ಇರಲಿಲ್ಲ. ಬಾಲಣ್ಣನ ಮಾತು ಕಾರಣದ ಹಾಗೆ ಕಂಡಿತು. ಆದರೆ ಸೂಪರ್‌ವೈಸರ್ ಹೇಳಿದನೆಂದು ಬರೆದರೆ ಪತ್ರಿಕೆಯ ಡೆಸ್ಕಿನವರು ಆ ಸಾಲನ್ನೇ ಹೊಡೆದುಹಾಕುತ್ತಿದ್ದರು. ‘ವೈದ್ಯರು ತಿಳಿಸಿದ್ದಾರೆ’ ಎಂದು ಬರೆದೆ. ಬಸ್ಸು ಬಂತು. ಕೊಟ್ಟೆ.

ಬಾಲಣ್ಣ ಆ ತುಂಡನ್ನು ಕತ್ತರಿಸಿ ಆಫೀಸಿನ ಬೋರ್ಡಿಗೆ ಅಂಟಿಸಿದ. ಪುತ್ತೂರಿಗೆ ಹೋಗಲು ರಜೆ ಕೇಳಿದವರಿಗೆ ಅದನ್ನು ತೋರಿಸಿದ. “ಪೇಪರಲ್ಲೇ ಉಂಟಲ್ಲ, ಡಾಕ್ಟ್ರೇ ಹೇಳಿದ್ದಾರೆ.” ಕೆಂಪು ಗೆರೆಯ ಸಿಲೋನಿನವರಲ್ಲಿ ಒಬ್ಬರೂ ಹೋಗಲಿಲ್ಲ.

ಎರಡು ವಾರದ ಮೇಲೆ ಡಾಕ್ಟ್ರಮ್ಮ ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದರು. ಕೈಯಲ್ಲಿ ಪತ್ರಿಕೆ.

“ಇದು ನಾನು ಹೇಳಿದ್ದಾ?”

ಕೊನೆಯ ವಾಕ್ಯದ ಮೇಲೆ ಅವರ ಬೆರಳಿತ್ತು.

“ಒಂದು ಜನಾಂಗಕ್ಕೆ ಬಿ.ಪಿ. ಜಾಸ್ತಿ ಉಂಟು ಅಂದ್ರೆ ಅದು ಅವರಿಗೆ ಒಗ್ತದೆ ಅಂತ ಅಲ್ಲ. ಅವರನ್ನು ಮೊದಲು ನೋಡ್ಬೇಕು ಅಂತ. ಕಡೆಗೆ ಅದು ಹೋಗಿ ಬೀಳುದು ಮಿದುಳಿಗೆ. ತಿದ್ದುಪಡಿ ಹಾಕಿ.”

ಹಾಕುತ್ತೇನೆ ಎಂದೆ. ಬರೆದೆ ಕೂಡ — ಮೂರು ಸಾಲು. ಲಕೋಟೆಗೆ ಹಾಕಿ ಅಂಟಿಸಿ ಬಸ್ಸಿನ ಬಳಿಯವರೆಗೂ ಹೋದೆ, ಕೊಡಲಿಲ್ಲ. ಹೇಳದ ಮಾತನ್ನು ಬರೆದವನನ್ನು ಡೆಸ್ಕಿನವರು ಇಟ್ಟುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಂದು ಬೇಡ, ಬರುವ ವಾರ — ಆಮೇಲೆ ಅದರ ಮುಂದಿನ ವಾರ. ಮಳೆಗಾಲದ ಮೊದಲು ಡಾಕ್ಟ್ರಮ್ಮನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಕೇಳುವವರು ಉಳಿಯಲಿಲ್ಲ.

ರಬ್ಬರ್ ಮರವನ್ನು ಒಂದು ದಿನ ಕೆತ್ತಿದರೆ ಮರುದಿನ ಬಿಡಬೇಕು. ಇವತ್ತು ಈ ಗುಡ್ಡೆ, ನಾಳೆ ಆ ಗುಡ್ಡೆ. ಟ್ಯಾಪರುಗಳು ಇದನ್ನು ಬರೆದಿಟ್ಟುಕೊಳ್ಳುವುದಿಲ್ಲ, ಕಾಲೇ ಕರೆದುಕೊಂಡು ಹೋಗುತ್ತದೆ. ೧೯೮೬ರ ಡಿಸೆಂಬರಿನಲ್ಲಿ ಮುತ್ತಮ್ಮ ನಿನ್ನೆ ಕೆತ್ತಿದ ಗುಡ್ಡೆಗೇ ಇವತ್ತೂ ಹೋದಳು. ಮರುದಿನವೂ ಅಲ್ಲಿಗೇ. ಕತ್ತಿ ತೊಗಟೆ ದಾಟಿ ಮರಕ್ಕೆ ಇಳಿದಿತ್ತು.

“ಕುಡ್ದು ಬಂದದ್ದಾ ನೀನು?” ಎಂದು ಬಾಲಣ್ಣ ಕೇಳಿದನಂತೆ.

“ಇಲ್ಲ ಸಾರ್. ನಿನ್ನೆ ನಾನು ಈ ಕಡೆ ಬರ್ಲೇ ಇಲ್ಲ.”

ಆಕೆ ಸುಳ್ಳು ಹೇಳಿರಲಿಲ್ಲ. ಆಕೆಗೆ ನಿನ್ನೆ ಎಂಬುದೇ ಇರಲಿಲ್ಲ. ಕತ್ತಿ ಕಿತ್ತುಕೊಂಡರು. ಮಗಳು ಸೆಲ್ವಿ ಶಾಲೆ ಬಿಟ್ಟು ಆ ಕತ್ತಿ ಹಿಡಿದಳು.

ಮರಗಳಿಗೆ ಹಾನಿಯಾದ ಸುದ್ದಿ ಬರೆಯಲೆಂದು ನಾನು ಲೈನಿಗೆ ಹೋದೆ. ಹೌದು, ಮರಗಳ ಸುದ್ದಿ. ಮುತ್ತಮ್ಮ ಬಾಗಿಲಲ್ಲಿ ಕುಳಿತು ನನ್ನನ್ನು ನೋಡಿ ನಕ್ಕಳು, ಗುರುತು ಹಿಡಿಯದ ನಗು. ಮಂಗಳೂರಿನಲ್ಲಿ ತೋರಿಸಿದ್ದಾಯಿತು ಎಂದಳು ಸೆಲ್ವಿ. ಬಹುಕಾಲದ ಒತ್ತಡದಿಂದ ಮಿದುಳಿನ ಸಣ್ಣ ಸಣ್ಣ ನಾಳಗಳು ಮುಚ್ಚಿಹೋಗಿವೆಯಂತೆ, ಒಂದೊಂದಾಗಿ, ಯಾರಿಗೂ ಗೊತ್ತಾಗದ ಹಾಗೆ. ಮೊದಲೇ ಮದ್ದು ಯಾಕೆ ಮಾಡಿಸಲಿಲ್ಲ ಎಂದು ಅಲ್ಲಿಯವರು ಬೈದರಂತೆ.

“ಸಿಲೋನಿನವರಿಗೆ ಹೆದರಿಕೆ ಇಲ್ಲ ಅಂತ ಪೇಪರಲ್ಲಿ ಇತ್ತಲ್ವಾ ಸಾರ್?” ಎಂದು ಸೆಲ್ವಿ ಕೇಳಿದಳು. “ಅಮ್ಮನಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಆಫೀಸಿನ ಬೋರ್ಡಲ್ಲಿ ನೋಡಿ ತಮಿಳಲ್ಲಿ ಓದಿ ಹೇಳಿದ್ದು ನಾನೇ. ನಾನು ಓದಿದ್ದು ತಪ್ಪಾಯ್ತಾ?”

ಮಂಗಳೂರಿನಿಂದ ಬಂದಾಗಿನಿಂದ ಆ ಹುಡುಗಿ ಅದನ್ನು ಹೊತ್ತಿದ್ದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವಂತಿರಲಿಲ್ಲ. ನಾನು ಹೇಳಿದ್ದು:

“ಡಾಕ್ಟ್ರು ಹೇಳಿದ್ದನ್ನು ಹಾಕಿದ್ದಮ್ಮ.”

ಮೊದಲನೆಯ ಸುಳ್ಳು ಬಸ್ಸಿನ ಗಡಿಬಿಡಿಯಲ್ಲಿ ಆದದ್ದು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೆ. ಇದಕ್ಕೆ ಯಾವ ಬಸ್ಸೂ ಕಾಯುತ್ತಿರಲಿಲ್ಲ. ಮೊದಲೇ ಮದ್ದು ಮಾಡಿಸಿದ್ದರೆ ಮುತ್ತಮ್ಮ ಹೀಗಾಗುತ್ತಿರಲಿಲ್ಲವೇ — ಆ ಪ್ರಶ್ನೆ ಕೇಳುವ ಹಕ್ಕು ಸೆಲ್ವಿಯದು, ನನ್ನದಲ್ಲ.

ಮುತ್ತಮ್ಮ ೧೯೮೮ರ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ವರ್ಷ ಅಡುಗೆಮನೆಯ ಚಾಕುವಿನಿಂದ ಬಾಗಿಲ ಚೌಕಟ್ಟನ್ನು ಓರೆಯಾಗಿ ಕೆತ್ತುತ್ತಿದ್ದಳು. ಗೆರೆಗಳು ಒಂದರ ಕೆಳಗೊಂದು, ಒಂದೇ ಅಂತರ. ಕೆಳಗೆ ಹಾಲು ಹಿಡಿಯಲು ತೆಂಗಿನ ಗೆರಟೆ ಕಟ್ಟಿಟ್ಟಿದ್ದಳು. ಅದನ್ನು ಮಗಳು ಬಿಚ್ಚಿಲ್ಲ.

ತಿದ್ದುಪಡಿಯ ಲಕೋಟೆ ಇಷ್ಟು ವರ್ಷ ನನ್ನ ಮೇಜಿನಲ್ಲಿತ್ತು. ಪತ್ರಿಕೆ ಈಗ ಇಲ್ಲ. ಕಳೆದ ಭಾನುವಾರ ಲೈನಿಗೆ ಹೋಗಿ, ನಡೆದದ್ದನ್ನು ಹೇಳಿ, ಲಕೋಟೆಯನ್ನು ಸೆಲ್ವಿಯ ಕೈಗೆ ಕೊಟ್ಟೆ. ಅವಳು ಒಡೆದು ಮೂರು ಸಾಲನ್ನು ಮನಸ್ಸಿನಲ್ಲೇ ಓದಿದಳು. ಕೂರಿ ಎನ್ನಲಿಲ್ಲ. ಆಮೇಲೆ ಅಮ್ಮ ಕೆತ್ತಿದ ಬಾಗಿಲ ಚೌಕಟ್ಟಿನ ಕಡೆ ತಿರುಗಿ, ಆ ಮೂರು ಸಾಲನ್ನೇ ಇನ್ನೊಮ್ಮೆ, ಗಟ್ಟಿಯಾಗಿ, ತಮಿಳಿನಲ್ಲಿ ಓದಿದಳು.