ಬಾಣಂತಿ ಕೋಣೆಯ ಕಿಟಕಿ

ಯಡ್ತರೆಯ ನಮ್ಮ ಮನೆಗೆ ನನ್ನನ್ನೂ ಮಗುವನ್ನೂ ಮೀಯಿಸಲು ಬರುತ್ತಿದ್ದ ಅಜ್ಜಿ, ಕೋಣೆಗೆ ಕಾಲಿಡುವ ಮೊದಲೇ ಕೇಳುತ್ತಿದ್ದರು: "ಗಾಳಿ ಎಲ್ಲಿಂದ ಬತ್ತ್?"

ಮಳೆಗಾಲದ ಬಾಣಂತನಕ್ಕೆಂದು ಅಣ್ಣ ಮುಂಬಯಿಯಿಂದ ಪುಟ್ಟ ಗ್ಯಾಸ್ ಹೀಟರ್ ತಂದಿದ್ದ. ಒಂದು ಬೆಳಿಗ್ಗೆ ಅದನ್ನು ಹಚ್ಚಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರು. ನನಗೆ ತಲೆ ಸಿಡಿಯುತ್ತಿತ್ತು, ಕಣ್ಣು ತೆರೆಯಲಾಗುತ್ತಿರಲಿಲ್ಲ. ಬಾಣಂತಿಗೆ ನಿದ್ದೆ ಸಹಜವೆಂದು ಮನೆಯವರು ಸುಮ್ಮನಿದ್ದರು. ಅಜ್ಜಿ ಬಂದವರೇ ಹೀಟರ್ ಆರಿಸಿ ನಮ್ಮಿಬ್ಬರನ್ನೂ ಜಗಲಿಗೆ ತಂದರು.

"ಬೆಂಕಿಗೂ ಉಸ್ರ್ ಬೇಕ್ ಹೆಣ್ಣೇ. ಮುಚ್ಚಿದ್ ಕೋಣಿಯೊಳ್ಗೆ ನಿಮ್ ಪಾಲಿನ್ ಗಾಳಿ ಅದೇ ತಿಂತ್."

ಹೀಟರ್ ಅಟ್ಟ ಸೇರಿತು. ಕೋಣೆಯ ಕಿಟಕಿ ತೆರೆಯಿತು.

"ಬಾಣಂತಿಗೆ ಥಂಡಿ ಗಾಳಿ ತಾಗುದಿಲ್ಯಾ?" ಅಮ್ಮ ಅಳುಕಿದಳು.

ಅಜ್ಜಿ ಕಿಟಕಿಗೆ ಬೆನ್ನು ಕೊಟ್ಟು ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚತೊಡಗಿದರು. ಮಳೆಯ ಎರಚಲಿಗೆ ಅವರ ಬೆನ್ನು ಪೂರ್ತಿ ಒದ್ದೆಯಾಗಿತ್ತು.